ಹದಿನೇಳೂವರೆ ಮೀಟರ್

ಶನಿವಾರ

ನನ್ನ ಸೋದರಮಾವನ ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ಮೈಸೂರಿನ ಡಾಕ್ಟರು ಬೆಳಿಗ್ಗೆ ಟಾರ್ಚು ಬಿಟ್ಟು ನೋಡಿ, ಇನ್ನು ಊರಿಗೆ ಹೋಗಬಹುದು, ಧೂಳಿಗೆ ಮಾತ್ರ ಕರಿ ಕನ್ನಡಕ ಬಿಡಬೇಡಿ ಅಂದರು. ಅವರನ್ನು ಮಂಡ್ಯದ ಪಕ್ಕದ ಊರಿಗೆ ಕರೆದುಕೊಂಡು ಹೋಗುವುದು, ಸೋಮವಾರ ಬೆಂಗಳೂರಿನಲ್ಲಿರುವ ಅವರ ಮಗಳ ಮನೆಗೆ ಮುಟ್ಟಿಸುವುದು, ಮಂಗಳವಾರ ನಾನು ವಾಪಸು. ಕಾಶಿಯಲ್ಲ, ರಾಮೇಶ್ವರವಲ್ಲ. ಮೈಸೂರಿಗೂ ಬೆಂಗಳೂರಿಗೂ ರೈಲಿನಲ್ಲಿ 138 ಕಿಲೋಮೀಟರ್. ಅಷ್ಟನ್ನೇ ನಾವು ನಾಲ್ಕು ದಿನ ಮಾಡಿದೆವು, ಬುಲೆಟ್ ಟ್ರೈನಿನ ಮಾತಾಡಿಕೊಂಡು.

ರೈಲಿಗೆ ಇನ್ನೂ ಹೊತ್ತಿತ್ತು. ಕೆಆರ್‌ಎಸ್ ರಸ್ತೆಯ ರೈಲು ಮ್ಯೂಸಿಯಂ ಹತ್ತಿರದಲ್ಲೇ ಇದೆಯಲ್ಲ, ಒಳಗೆ ಹೊಕ್ಕೆವು. 1979ರಲ್ಲಿ ಶುರುವಾದದ್ದು. ಎಪ್ಪತ್ತು ವರ್ಷ ಇಷ್ಟು ಹತ್ತಿರದಲ್ಲಿದ್ದೂ ಮಾವ ಅದನ್ನು ನೋಡಿರಲಿಲ್ಲ. 1899ರ ಮಹಾರಾಣಿ ಸಲೂನಿನ ಕಿಟಕಿಗೆ ಮೂಗು ತಾಗಿಸಿ, ಹೊಸ ಕಣ್ಣಿನಲ್ಲಿ ಒಂದೊಂದೇ ನೋಡಿದರು.

"ಇದ್ರಾಗೆ ಬೆಂಗ್ಳೂರ್ಗೆ ಎಷ್ಟೊತ್ಗೆ ಓಯ್ತಿದ್ರು?"

"ಎಷ್ಟೊತ್ತಾದರೇನು ಮಾವ, ರಾಣಿಯವರಿಗೆ ಏನು ಅರ್ಜೆಂಟು?"

"ಅದೂ ಸರಿ ಬುಡು. ಅರ್ಜೆಂಟು ಅನ್ನದು ನಮ್ಮಂತೋರ್ಗೇಯ."

ಆಮೇಲೆ ಅವರ ಗಮನ ಹೋದದ್ದು ಹಳಿಯ ಮೇಲೆ. ಕೊಡೆಯನ್ನು ಎರಡು ಕಂಬಿಗಳ ನಡುವೆ ಅಡ್ಡ ಇಟ್ಟು ಅಳೆದರು. ಒಂದು ಕೊಡೆ, ಮೇಲೆ ನಾಲ್ಕು ಬೆರಳು. ಸಾವಿರ ಮಿಲಿಮೀಟರು, ಮೀಟರ್‌ಗೇಜು. 1876ರಿಂದ 78ರವರೆಗಿನ ದೊಡ್ಡ ಬರ ಕಳೆದ ಮೇಲೆ, 1882ರಲ್ಲಿ ಮೈಸೂರು ಮುಟ್ಟಿದ ಹಳಿ ಈ ಅಳತೆಯದು. ಈಗ ನಾವು ಓಡಾಡುವುದು 1676 ಮಿಲಿಮೀಟರಿನ ಬ್ರಾಡ್‌ಗೇಜಿನಲ್ಲಿ. "ಆ ಬುಲೆಟ್ ಟ್ರೈನು?" ಅಂದರು. ಮುಂಬೈ–ಅಹಮದಾಬಾದಿನದು ಇದೂ ಅಲ್ಲ ಅದೂ ಅಲ್ಲ, 1435 ಅಂದೆ. ಮಾವ ಕೊಡೆ ಎತ್ತಿಕೊಂಡರು. "ಅಂಗಾರೆ ನಮ್ ಕಂಬಿ ಮ್ಯಾಲೆ ಅದು ಓಡಾಕಿಲ್ವಾ? ನಾನು ಬರೀ ಇಂಜಿನ್ ಬದ್ಲಾಯ್ಸದು ಅನ್ಕಂಡಿದ್ದೆ."

ಮಾವ ಒಬ್ಬರೇ ಅಲ್ಲ, ನನ್ನ ಆಫೀಸಿನ ಇಂಜಿನಿಯರುಗಳಲ್ಲೂ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ. ಹೊಸ ಗಾಡಿ ತಂದು ಹಳೇ ಹಳಿಗೆ ಇಳಿಸಿದರಾಯಿತು ಅಂತ. ಕಂಬ, ಕಂಬಿ, ತಂತಿ, ಸಿಗ್ನಲ್ಲು, ಸ್ಟೇಷನ್ನು, ಎಲ್ಲ ಹೊಸದಾಗಬೇಕು. ಖರ್ಚು ಕೂತಿರುವುದು ಅಲ್ಲೇ.

ಮಧ್ಯಾಹ್ನ ನಿಧಾನದ ರೈಲು ಹತ್ತಿದೆವು. ಶ್ರೀರಂಗಪಟ್ಟಣ ಬರುತ್ತಲೇ ಮಾವ ಎದ್ದು ನಿಂತು ಟಿಪ್ಪುವಿನ ಮದ್ದಿನ ಮನೆ ಯಾವ ಕಡೆ ಅಂತ ಬಗ್ಗಿ ನೋಡಿದರು. ಈ ದಾರಿಗೆ ಎರಡನೇ ಹಳಿ ಹಾಕುವಾಗ ಆ ಕಟ್ಟಡ ಅಡ್ಡ ಸಿಕ್ಕಿತ್ತು. ಒಡೆಯುವಂತಿಲ್ಲ, ಸುತ್ತಿಕೊಂಡು ಹೋಗಲು ಜಾಗವಿಲ್ಲ. ವರ್ಷಗಟ್ಟಲೆ ಹಾಗೇ ನಿಂತಿತು. ಕೊನೆಗೆ 2017ರಲ್ಲಿ, ಸುಮಾರು ಸಾವಿರ ಟನ್ನಿನ ಆ ಇಡೀ ಕಟ್ಟಡವನ್ನು ಜಾಕಿನ ಮೇಲೆತ್ತಿ, ಉಕ್ಕಿನ ತೊಲೆಗಳ ಮೇಲೆ ಜಾರಿಸಿಕೊಂಡು ನೂರು ಮೀಟರಿಗೂ ಹೆಚ್ಚು ದೂರ ಕೂರಿಸಿದರು. ಪೇಪರಿನಲ್ಲಿ ಫೋಟೊ ಬಂದಿತ್ತು. ಆದರೆ ಆಮೇಲೆ ಏನಾಯಿತು ಅಂತ ಯಾರೂ ಬರೆಯಲಿಲ್ಲ. ನಾನು ಹೇಳಬಲ್ಲೆ. ಮಂಡ್ಯದಿಂದ ಬೆಂಗಳೂರಿಗೆ ಹನ್ನೊಂದು ವರ್ಷ ಪಾಸಿನಲ್ಲಿ ಓಡಾಡಿದವಳು ನಾನು. ಒಂಟಿ ಹಳಿಯ ಕಾಲದಲ್ಲಿ ಎದುರಿನ ಗಾಡಿಗೆ ಕಾದು ಕಾದು ನಾನು ಹೆಣೆದ ಸ್ವೆಟರುಗಳನ್ನು ನಮ್ಮ ಮನೆಯ ಮೂರು ಮಕ್ಕಳು ಹಾಕಿಕೊಂಡು ಬೆಳೆದರು. ಜೋಡಿ ಹಳಿ ಬಂತು, ಹೆಣಿಗೆ ನಿಂತಿತು.

ಹಾಗಂತ ಕಾಯುವುದು ಪೂರ್ತಿ ತಪ್ಪಿಲ್ಲ. ಪಾಂಡವಪುರದಲ್ಲಿ ನಮ್ಮ ಗಾಡಿ ಪಕ್ಕದ ಹಳಿಗೆ ಹೊರಳಿ ನಿಂತುಬಿಟ್ಟಿತು. "ಲೂಪಿಗೆ ಹಾಕವ್ರೆ" ಅಂದ ಬಾಗಿಲಲ್ಲಿ ಕೂತಿದ್ದ ಹುಡುಗ, ಫೋನಿನಿಂದ ಕಣ್ಣು ತೆಗೆಯದೆ. ಫ್ಯಾನಿನ ಸದ್ದು ಬಿಟ್ಟರೆ ಬೋಗಿಯಲ್ಲಿ ಸದ್ದಿಲ್ಲ. ಕಡಲೆಕಾಯಿಯವಳು ಬುಟ್ಟಿ ಇಳಿಸಿ ಸೆರಗಿನಲ್ಲಿ ಕತ್ತು ಒರೆಸಿಕೊಂಡಳು. ಹತ್ತು ನಿಮಿಷ ಕಳೆದ ಮೇಲೆ ದೂರದಲ್ಲಿ ಹಾರ್ನು. ಬಿಳಿ ನೀಲಿ ಬಣ್ಣದ ವಂದೇ ಭಾರತ್ ಪಕ್ಕದಲ್ಲೇ ಸುಯ್ಯೆಂದು ಹೋಯಿತು. ಕಡಲೆಕಾಯಿ ಪೊಟ್ಟಣದ ಕಾಗದ ಹಾರಿ ಸೀಟಿನ ಅಡಿ ಬಿತ್ತು. ಮೈಸೂರು–ಚೆನ್ನೈ ನಡುವೆ 2022ರ ನವೆಂಬರಿನಲ್ಲಿ ಶುರುವಾದ ಗಾಡಿ ಅದು, ದಕ್ಷಿಣಕ್ಕೆ ಬಂದ ಮೊದಲ ವಂದೇ ಭಾರತ್.

"ಅವ್ರು ಒಳ್ಳೆ ಬಿರ್ನೆ ಹೊಂಟ್ರಲ್ಲವ್ವ," ಅಂದರು ಮಾವ. "ನಮ್ಮನ್ನ ನಿಲ್ಸಿ."

ನಾಲ್ಕು ದಿನದ ನಮ್ಮ ಮಾತೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗಿತು. ವೇಗದ ಗಾಡಿಯನ್ನೂ ನಿಧಾನದ ಗಾಡಿಯನ್ನೂ ಒಂದೇ ಹಳಿಗೆ ಹಾಕಿದರೆ ಯಾವುದಾದರೂ ಒಂದು ಪಕ್ಕಕ್ಕೆ ನಿಲ್ಲಲೇಬೇಕು, ಮತ್ತು ನಿಲ್ಲುವುದು ಯಾವಾಗಲೂ ಕಡಲೆಕಾಯಿಯವಳಿರುವ ಗಾಡಿ.

2019ರಲ್ಲಿ ಕಂಪನಿ ನನ್ನನ್ನು ಎರಡು ವಾರ ಜಪಾನಿಗೆ ಕಳಿಸಿತ್ತು. ಅಲ್ಲಿನ ಕಥೆ ಮಾವನಿಗೆ ಹೇಳಿದೆ. ಟೋಕಿಯೊ–ಒಸಾಕಾ ಬುಲೆಟ್ ದಾರಿ 515 ಕಿ.ಮೀ., ಶುರುವಾದದ್ದು 1964ರ ಅಕ್ಟೋಬರ್ 1ಕ್ಕೆ. ಅವರು ಅದನ್ನು ಕಟ್ಟಿದ್ದಕ್ಕೆ ವೇಗವೊಂದೇ ಕಾರಣವಲ್ಲ. ಆ ಎರಡೂರಿನ ನಡುವಿನ ಹಳೇ ತೊಕಾಯ್ದೊ ಹಳಿ ತುಂಬಿ ತುಳುಕುತ್ತಿತ್ತು. ದೇಶದ ರೈಲು ಪ್ರಯಾಣಿಕರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅದೊಂದೇ ದಾರಿಯ ಮೇಲಿತ್ತು. ಬಿರ್ನೆ ಹೋಗುವವರಿಗೆ ಬೇರೆ ದಾರಿ ಮಾಡಿ, ಹಳೆಯದನ್ನು ಊರೂರಿಗೆ ನಿಲ್ಲುವ ಗಾಡಿಗೂ ಗೂಡ್ಸಿಗೂ ಬಿಟ್ಟರು. ಇಷ್ಟು ಹೇಳಿ ಒಂದು ನಿಜವನ್ನೂ ಒಪ್ಪಿಕೊಂಡೆ. ನಾನು ಹೋದದ್ದು ಕೊಡಾಮಾ ಅನ್ನುವ, ಬುಲೆಟ್ಟಿನಲ್ಲೇ ಎಲ್ಲ ಸ್ಟೇಷನ್ನಿಗೂ ನಿಲ್ಲುವ ಗಾಡಿಯಲ್ಲಿ. ಒಂದು ಸಣ್ಣ ಸ್ಟೇಷನ್ನಿನಲ್ಲಿ ಅದೂ ನಾಲ್ಕೈದು ನಿಮಿಷ ನಿಂತಿತು. ಪಕ್ಕದಲ್ಲಿ ಅದಕ್ಕಿಂತ ವೇಗದ ನೊಜೊಮಿ ಗಾಡಿ ಗುಡುಗಿಕೊಂಡು ಹೋಯಿತು.

ಮಾವನಿಗೆ ನಗು ತಡೆಯಲಾಗಲಿಲ್ಲ. "ಅಲ್ಲೂ ಲೂಪಾ!"

ಭಾನುವಾರ

ಊರಲ್ಲಿ ಭಾನುವಾರವೆಂದರೆ ಬಾಡು. ಮಾವನ ಮಗ ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ. ಸೋದರಮಾವನ ಮಗನಾದರೂ ನನ್ನನ್ನು ಚಿಕ್ಕಂದಿನಿಂದ ಅಕ್ಕ ಅಂತಲೇ ಕರೆದು ರೂಢಿ. "ಒಂದೂಕಾಲು ಗಂಟೆ ಅಕ್ಕ, ಕೆಂಗೇರಿ ದಾಟಿದ್ದೊಂದು ಗೊತ್ತು" ಅಂದ. 118 ಕಿಲೋಮೀಟರಿನ ಹೊಸ ಹೈವೇ, ಸುಮಾರು 8,480 ಕೋಟಿ ರೂಪಾಯಿಯದು. 2023ರ ಮಾರ್ಚ್ 12ರಂದು ನಮ್ಮ ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲೇ ಪ್ರಧಾನಿ ಉದ್ಘಾಟನೆ ಮಾಡಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಮಾವನ ಭಾಷೆಯಲ್ಲಿ, ಅದೂ ಒಂದು ಲೂಪೇ.

ಬೆಳಗಿನ ಬಿಸಿಲು ಏರುವ ಮುಂಚೆ ಗದ್ದೆ ಕಡೆ ಹೋದೆವು. ಕಬ್ಬು ಕಡಿದು ಕೂಳೆ ಬಿಟ್ಟಿದ್ದರು, ನೆಲದ ತುಂಬಾ ತರಗು. ವಿಶ್ವೇಶ್ವರಯ್ಯ ನಾಲೆಯ ನೀರಿನ ಸರದಿ ಇನ್ನೂ ಬಂದಿರಲಿಲ್ಲ. ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಸುಮಾರು 435 ಕಿ.ಮೀ. ಉದ್ದದ ಹೈಸ್ಪೀಡ್ ದಾರಿಯ ಮಾತು ಕೆಲವು ವರ್ಷದಿಂದ ಇದೆ. ಯೋಜನಾ ವರದಿಗೆಂದು ಪಟ್ಟಿ ಮಾಡಿದ ದಾರಿಗಳಲ್ಲಿ ಅದೂ ಒಂದು. ನಮ್ಮ ಗದ್ದೆ ಮೇಲೆ ಬರುತ್ತದೆ ಅಂತ ಯಾರೂ ಹೇಳಿಲ್ಲ. ಆದರೂ ಮಾವ ಕೇಳಿದರು, "ಅದ್ಕೆ ಎಷ್ಟಗಲ ಬೇಕು?"

ಮುಂಬೈ–ಅಹಮದಾಬಾದ್ ಬುಲೆಟ್ಟಿಗೆ ಗುಜರಾತಿನ ಕಡೆ ತೆಗೆದುಕೊಂಡಿರುವ ಅಗಲ ಹದಿನೇಳೂವರೆ ಮೀಟರು ಅಂದೆ. 508 ಕಿ.ಮೀ.ಯಲ್ಲಿ 460 ಕಿ.ಮೀ.ಗೂ ಹೆಚ್ಚು ಕಂಬದ ಮೇಲೆಯೇ ಹೋಗುವುದರಿಂದ ಅಷ್ಟರಲ್ಲಿ ಮುಗಿಯುತ್ತದೆ.

ಮಾವ ಬಾವಿಯ ಹಗ್ಗ ತಂದರು. ಟೇಪು ಬೇಡವಂತೆ. ಬದುವಿನ ಮೇಲೆ ಒಂದು ಗೂಟ ಹೊಡೆದು, ಹಗ್ಗದ ತುದಿ ಕಟ್ಟಿ, ಎರಡೂ ಕೈ ಚಾಚಿ ಮಾರು ಹಾಕತೊಡಗಿದರು. ಒಂದು, ಎರಡು, ಮೂರು. ಕರಿ ಕನ್ನಡಕ ಜಾರುತ್ತಿತ್ತು. ಪ್ರತಿ ಮಾರಿಗೂ ಮೂಗಿನಿಂದಲೇ ಮೇಲೆ ಸರಿಸುತ್ತಿದ್ದರು. ಹತ್ತು ಮಾರು ಮುಗಿದು ಒಂದು ಗೇಣು ಹೆಚ್ಚು ಬಿಟ್ಟು ಎರಡನೇ ಗೂಟ ಹೊಡೆದರು. ಅದು ಬಾವಿ ಕಟ್ಟೆಯ ಅಂಚಿಗೇ ಬಂತು. ನಡುವೆ ನಿಂತು ಆ ಕಡೆ ಈ ಕಡೆ ನೋಡಿದರು. ಅರವತ್ತು ಮೀಟರು ಉದ್ದದ ಗದ್ದೆಯಲ್ಲಿ ಇಷ್ಟಗಲದ ಪಟ್ಟಿ ಹೋದರೆ ಹತ್ತು ಗುಂಟೆ. ಒಂದು ಕಿಲೋಮೀಟರಿಗೆ ನಾಲ್ಕು ಎಕರೆ ಹದಿಮೂರು ಗುಂಟೆ.

"ಹೈವೇಗೆ ಓದಷ್ಟು ಓಗಾಕಿಲ್ಲ," ಅಂದರು ಕೊನೆಗೆ. ನಾನು ನಿರೀಕ್ಷಿಸಿದ್ದ ಮಾತಲ್ಲ ಅದು. "ಹತ್ತು ಲೈನ್ ರಸ್ತೆ ಅದು. ಇದು ಅದ್ರ ಮುಂದೆ ಬದ ಇದ್ದಂಗೆ. ಆದ್ರೆ ಹೈವೇ ಪಕ್ಕ ಒಂದ್ ಟೀ ಅಂಗ್ಡಿನಾರ ಇಟ್ಕಬೋದು. ಕಂಬದ್ ಮ್ಯಾಲೆ ಓಗದ್ರಿಂದ ನಂಗೇನು?"

ಊಟಕ್ಕೆ ಕೂತಾಗ ಮಾವನ ಮಗನಿಗೂ ನನಗೂ ಚೆನ್ನಾಗಿಯೇ ಹತ್ತಿಕೊಂಡಿತು. ಅವನದು ಚೀನಾ ಪಕ್ಷ. 2008ರ ಆಗಸ್ಟಿನಲ್ಲಿ ಬೀಜಿಂಗ್–ಟಿಯಾಂಜಿನ್ ಶುರುಮಾಡಿದವರು ಇವತ್ತು 40,000 ಕಿ.ಮೀ. ದಾಟಿದ್ದಾರೆ, ಬೀಜಿಂಗಿನಿಂದ ಶಾಂಘೈಗೆ 1,318 ಕಿ.ಮೀ. ದೂರವನ್ನು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸುತ್ತಾರೆ, ನಮ್ಮದೂ ಅಂಥದೇ ದೊಡ್ಡ ದೇಶ, ಎಷ್ಟು ದಿನ ಕಡಲೆಕಾಯಿ ತಿಂದುಕೊಂಡು ಲೂಪಿನಲ್ಲಿ ಕೂರುವುದು ಅಂತ. ತಪ್ಪೇನಿಲ್ಲ. ಆದರೆ ಆ ಬೀಜಿಂಗ್–ಶಾಂಘೈ ದಾರಿ ಲಾಭ ಮಾಡುತ್ತದೆ, ಜನ ವಿರಳವಾದ ಪಶ್ಚಿಮದ ದಾರಿಗಳ ಲೆಕ್ಕ ಹಾಗಿಲ್ಲ; ಸಾಲದ ಗಂಟು ದೊಡ್ಡದಿದೆ. ಅವಸರಕ್ಕೂ ಬೆಲೆ ತೆತ್ತರು: 2011ರ ಜುಲೈನಲ್ಲಿ ವೆನ್‌ಝೌ ಬಳಿ ಒಂದು ಗಾಡಿ ಇನ್ನೊಂದರ ಬೆನ್ನಿಗೆ ಗುದ್ದಿ ನಲವತ್ತು ಜನ ಸತ್ತ ಮೇಲೆ ವೇಗವನ್ನೇ ಇಳಿಸಿದರು. ಜಪಾನಿನವರು ಮಾತ್ರ ಶಿಂಕಾನ್ಸೆನ್ ಅನ್ನುವ ತಮ್ಮ ಬುಲೆಟ್ಟಿನಲ್ಲಿ ಹಳಿ ತಪ್ಪಿ, ಡಿಕ್ಕಿಯಾಗಿ ಒಬ್ಬ ಪ್ರಯಾಣಿಕನನ್ನೂ ಕಳೆದುಕೊಂಡಿಲ್ಲ. ಅವರದೂ ಖರ್ಚು ಅಂದಾಜಿನ ಎರಡರಷ್ಟಾಗಿ, ರೈಲ್ವೆ ಅಧ್ಯಕ್ಷ ಶಿಂಜಿ ಸೊಗೊ ಉದ್ಘಾಟನೆಗೆ ಒಂದು ವರ್ಷ ಮೊದಲೇ ಕುರ್ಚಿ ಬಿಟ್ಟಿದ್ದರು.

"ಅಮೆರಿಕದವರನ್ನ ನೋಡು," ಅಂದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಜನ ಓಟು ಹಾಕಿ ಸುಮಾರು ಸಾವಿರ ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಒಟ್ಟು ಖರ್ಚು 3,300 ಕೋಟಿ ಡಾಲರ್ ಅಂದಿದ್ದದ್ದು 10,000 ಕೋಟಿ ದಾಟಿದೆ. ಗಾಡಿ ಇನ್ನೂ ಓಡಿಲ್ಲ.

"ನಮ್ಮ ಲೆಕ್ಕ ಹೇಳಕ್ಕ, ಊರವರದ್ದು ಬೇಡ."

ಮುದ್ದೆ ಮುರಿಯುತ್ತಲೇ ಹೇಳಿದೆ. ಮುಂಬೈ–ಅಹಮದಾಬಾದಿಗೆ 2017ರಲ್ಲಿ ಅಡಿಗಲ್ಲು ಹಾಕಿದಾಗಿನ ಅಂದಾಜು 1.08 ಲಕ್ಷ ಕೋಟಿ. ಅದರಲ್ಲಿ ನೂರಕ್ಕೆ 81 ಭಾಗ ಜಪಾನಿನ ಸಾಲ, ವರ್ಷಕ್ಕೆ ನೂರಕ್ಕೆ 0.1 ಬಡ್ಡಿ, ತೀರಿಸಲು ಐವತ್ತು ವರ್ಷ. ಕಿಲೋಮೀಟರಿಗೆ 212 ಕೋಟಿ ಬಿತ್ತು. ಹೈವೇಗೆ ಬಿದ್ದದ್ದು 72 ಕೋಟಿ. ಆ ಹಳೇ ದರದಲ್ಲೇ ಮೈಸೂರು–ಬೆಂಗಳೂರಿಗೆ ಹಾಕಿದರೂ 29,000 ಕೋಟಿ ಮೇಲೆ. ಉಳಿಯುವುದು? ವಂದೇ ಭಾರತ್ ಎರಡು ಗಂಟೆಯೊಳಗೆ ಹೋಗುವುದನ್ನು ಬುಲೆಟ್ಟು ಮೂವತ್ತೈದು ನಲವತ್ತು ನಿಮಿಷಕ್ಕೆ ಹೋಗಬಹುದು. ಒಂದೂಕಾಲು ಗಂಟೆ. ಅದನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಒಂದೇ ಏಟಿಗೆ ನುಂಗುತ್ತದೆ.

ಮಾವ ಅಷ್ಟೂ ಹೊತ್ತು ಮೂಳೆ ಚೀಪುತ್ತಿದ್ದರು. "0.1 ಬಡ್ಡಿಗೆ ನಂಗೂ ಕೊಡುಸ್ರಪ್ಪ, ಬೋರ್ ಕೊರುಸ್ತೀನಿ."

ಸೋಮವಾರ

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್. ಮಂಡ್ಯ ಪ್ಲಾಟ್‌ಫಾರಂ ನಂಬರ್ ಒಂದರಲ್ಲಿ ನನ್ನ ಹಳೇ ಜಾಗದಲ್ಲೇ ನಿಂತೆ; ಲೇಡೀಸ್ ಬೋಗಿ ಎಲ್ಲಿ ಬಂದು ನಿಲ್ಲುತ್ತದೆಂದು ಕಾಲಿಗೆ ಇನ್ನೂ ನೆನಪಿದೆ. ಮಾವನಿಗಾಗಿ ಪಕ್ಕದ ಜನರಲ್ ಬೋಗಿಗೆ ಹತ್ತಿದೆ. ಸೀಟಿನ ಮೇಲೆ ಕರ್ಚೀಫು, ಟಿಫಿನ್ ಬಾಕ್ಸು, ಒಂದು ಕಡೆ ಒಂಟಿ ಚಪ್ಪಲಿಯೂ ರಿಸರ್ವೇಷನ್ ಮಾಡಿಕೊಂಡು ಕೂತಿದ್ದವು. ಮೈಸೂರಿನಲ್ಲಿ ಹತ್ತಿದವರು ಹನಕೆರೆ, ಮದ್ದೂರಿನವರಿಗೆಂದು ಹಿಡಿದಿಟ್ಟ ಜಾಗ. ಮಾವನ ಕರಿ ಕನ್ನಡಕ ನೋಡಿ ಯಾರೋ ಎದ್ದು ಜಾಗ ಬಿಟ್ಟರು.

ಮದ್ದೂರಿನಲ್ಲಿ ವಡೆ ಬಂತು. ಆ ವಡೆಯ ಕಥೆ ಎಲ್ಲರಿಗೂ ಗೊತ್ತು: 1917ರಲ್ಲಿ ಗಾಡಿ ಹೊತ್ತಿಗೆ ಮುಂಚೆ ಬಂದುಬಿಟ್ಟಿತಂತೆ, ಪಕೋಡದ ಹಿಟ್ಟನ್ನು ಬಿಡಿಬಿಡಿಯಾಗಿ ಕರಿಯಲು ಪುರಸೊತ್ತಿಲ್ಲದೆ ಸ್ಟೇಷನ್ನಿನವರು ತಟ್ಟಿ ಬಿಟ್ಟರಂತೆ. ನಿಜವೋ ಕಟ್ಟುಕಥೆಯೋ, ಗಾಡಿ ನಿಂತಿದ್ದರಿಂದ ತಾನೆ ವಡೆ ಮಾರಾಟವಾದದ್ದು. ಹೈವೇ ಮದ್ದೂರನ್ನು ಬಳಸಿಕೊಂಡು ಹೋದ ಮೇಲೆ ಹಳೇ ರಸ್ತೆಯ ಹೋಟೆಲುಗಳ ಮುಂದೆ ಕಾರು ಕಡಿಮೆಯಾಗಿದೆ. ಚನ್ನಪಟ್ಟಣದ ಗೊಂಬೆ ಅಂಗಡಿಯವರದೂ ಅದೇ ಪಾಡು.

ನನ್ನ ಕಾಲದ ಗೆಳತಿಯೊಬ್ಬಳು ಸಿಕ್ಕಳು. ಗಾರ್ಮೆಂಟ್ಸಿನಲ್ಲಿ ಕೆಲಸ, ಹದಿನೆಂಟನೇ ವರ್ಷದ ಪಾಸು. ಬುಲೆಟ್ಟಿನ ವಿಷಯ ತೆಗೆದರೆ ಅವಳು ಕೇಳಿದ್ದು ಒಂದೇ: "ಅದ್ಕೆ ಪಾಸ್ ನಡೀತದಾ?" ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಈ ಬೋಗಿಯಲ್ಲಿ ಬಾತ್‌ರೂಮಿನ ಬಾಗಿಲಿಗೆ ಒರಗಿ ನಿಂತು ದಿನಾ ಹೋಗುವವರಿಗೆ ಗಂಟೆಗೆ 320 ಕಿಲೋಮೀಟರ್ ಅನ್ನುವುದು ಟಿವಿಯಲ್ಲಿ ನೋಡುವ ವಿಷಯ. ಅವರಿಗೆ ಬೇಕಾದದ್ದು ಕೂರಲು ಜಾಗ, ಇನ್ನೆರಡು ಬೋಗಿ, ಹೇಳಿದ ಹೊತ್ತಿಗೆ ಗಾಡಿ.

ಆದರೆ ಆ ಇನ್ನೊಂದು ಗಾಡಿ ಯಾವ ಹಳಿಯ ಮೇಲೆ ಬರಬೇಕು? ಅಲ್ಲಿಗೇ ಬಂತು ನೋಡಿ. ಈ ಜೋಡಿ ಹಳಿಯ ಮೇಲೆ ವೇಗದ ಗಾಡಿ ಒಂದೊಂದು ಹೆಚ್ಚಾದಂತೆ ಪಾಸಿನವರ ಗಾಡಿಗೆ ಜಾಗ ಕಿರಿದಾಗುತ್ತದೆ. ಹಾಗಾಗಿ ಬುಲೆಟ್ಟು ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ. ಚೆನ್ನೈ–ಬೆಂಗಳೂರಿನಂಥ ಕಡೆ ಹಾಕಲಿ. ಎರಡು ಭಾರೀ ಊರು, ನಡುವೆ ಮುನ್ನೂರು ಚಿಲ್ಲರೆ ಕಿಲೋಮೀಟರು. ಬಸ್ಸಿಗೆ ದೂರ, ವಿಮಾನಕ್ಕೆ ಹತ್ತಿರ. ದೇವನಹಳ್ಳಿಗೆ ಹೋಗಿ ಚೆಕಿಂಗ್ ಮುಗಿಸುವ ಹೊತ್ತಿಗೆ ಗಾಡಿ ಅರ್ಧ ದಾರಿ ಸವೆಸಿರುತ್ತದೆ. ಮೈಸೂರಿನ ತನಕ ಬಾಲ ಎಳೆಯುವುದು ಆಮೇಲಿನ ಮಾತು. ಹಾಕುವ ದಿನವೇ ಬರಹದಲ್ಲಿ ಒಂದು ಮಾತು ಆಗಬೇಕು: ಹಳೇ ಹಳಿಯಲ್ಲಿ ಖಾಲಿಯಾದ ಹೊತ್ತು ನಿಲ್ಲುವ ಗಾಡಿಗಳಿಗೆ ಅಂತ. ಬರಹದಲ್ಲಿ ಅಂದದ್ದಕ್ಕೆ ಕಾರಣವಿದೆ. ಜಪಾನಿನಲ್ಲೇ 1997ರಲ್ಲಿ ನಾಗಾನೊಗೆ ಶಿಂಕಾನ್ಸೆನ್ ಬಂದಾಗ ಯೊಕೊಕಾವಾ–ಕರುಯಿಜಾವಾ ನಡುವಿನ ಹಳೇ ಹಳಿಯನ್ನು ಮುಚ್ಚಿಯೇ ಬಿಟ್ಟರು. ಅಲ್ಲಿನ ಪಾಸಿನವರು ಬಸ್ಸು ಹತ್ತಿದರು.

ಮೆಜೆಸ್ಟಿಕ್ಕಿನಲ್ಲಿ ಇಳಿದು ವೈಟ್‌ಫೀಲ್ಡ್ ಕಡೆಯ ಮೆಟ್ರೊ. ಮಾವ ಪ್ಲಾಟ್‌ಫಾರಂ ಅಂಚಿನ ಹಳದಿ ಗೆರೆ ದಾಟಿ ಬಗ್ಗಿದರು. ಸೆಕ್ಯುರಿಟಿಯವನು ಸೀಟಿ ಊದಿದ. "ಏನಿಲ್ಲ ಕನಪ್ಪ, ಕಂಬಿ ಅಗ್ಲ ನೋಡ್ತಿದ್ದೆ." ಮೆಟ್ರೊ ಓಡುವುದೂ 1435ರ ಮೇಲೆಯೇ ಅಂತ ದಾರಿಯಲ್ಲಿ ನಾನೇ ಹೇಳಿದ್ದೆ. ಕೊಡೆ ಕೈಯಲ್ಲೇ ಇತ್ತು.

ಮಂಗಳವಾರ

ವಾಪಸು ಬರುವಾಗ ನಾನೂ ವಂದೇ ಭಾರತ್ ಹತ್ತಿದೆ. ತಪ್ಪೇನು, ಟಿಕೆಟ್ಟು ಸಿಕ್ಕಿತ್ತು. ತಣ್ಣಗಿತ್ತು, ಸದ್ದಿರಲಿಲ್ಲ, ಕಾಫಿ ಮಾತ್ರ ಸಪ್ಪೆ. ಪಕ್ಕದವರು ಕಾಟ್ಪಾಡಿಯಿಂದ ಬರುತ್ತಿದ್ದರು, ಮೈಸೂರು ಅರಮನೆ ನೋಡಲು, ನಿದ್ದೆಯಲ್ಲಿದ್ದರು. ಮದ್ದೂರು ಕಿಟಕಿಯಲ್ಲಿ ಹಾದುಹೋಯಿತು, ವಡೆಯ ವಾಸನೆ ಕೂಡ ಒಳಗೆ ಬರಲಿಲ್ಲ. ಹನಕೆರೆ ದಾಟುತ್ತಿದ್ದಂತೆ ಫೋನು.

"ಎಲ್ಲಿದ್ದೀಯವ್ವ?"

"ಹನಕೆರೆ ಹತ್ರ ಮಾವ. ಮಗಳ ಮನೆ ಹೇಗಿದೆ?"

"ಮನೆ ಅದೆ, ಲಿಫ್ಟು ಅದೆ, ಮಾತಾಡಕ್ಕೆ ಒಬ್ಬ ಇಲ್ಲ. ಅದಿರ್ಲಿ, ಒಂದ್ ಕೇಳ್ಬೇಕಿತ್ತು. ಆ ಹದಿನೇಳೂವರೆ ಅಂದ್ಯಲ್ಲ, ಅದು ಕಂಬದ ನಟ್ಟನಡುವಿಂದ ಎಡಕ್ಕೆ ಬಲಕ್ಕೆ ಅಳೀತಾರೋ, ಇಲ್ಲ ಒಂದ್ ಕಡಿಂದ್ಲೆ ಅಳ್ಕಂಡ್ ಬತ್ತಾರೋ?"

"ಯಾಕೆ ಮಾವ?"

"ಬಾವಿ ಕನವ್ವ. ಆ ಕಡಿಂದ ಅಳುದ್ರೆ ಉಳ್ಕತದೆ, ಈ ಕಡಿಂದ ಅಳುದ್ರೆ ಓಯ್ತದೆ. ಗೂಟ ಕೀಳ್ಬ್ಯಾಡ ಅಂತ ಆಳ್ಗೆ ಯೋಳಿವ್ನಿ, ಬಂದ್ ಮ್ಯಾಲೆ ಇನ್ನೊಂದ್ ಸತಿ…"

ಅಷ್ಟರಲ್ಲಿ ಸಿಗ್ನಲ್ಲು ಹೋಯಿತು.